ಬಾಯಿ ಲೆಕ್ಕದ ಯಜಮಾನರು: ತಿಪಟೂರು ಸೀಮೆಯ ಒಂದು ತೋಟದ ಮನೆಯ ಪ್ರಕರಣ

ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ 2022ರ ಜನವರಿಯಲ್ಲಿ ಒಂದು ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ವಯಸ್ಸು 84ರ ಆಸುಪಾಸು. ಬಿಟ್ಟು ಹೋದದ್ದು 3 ಎಕರೆ 10 ಗುಂಟೆ ತೆಂಗಿನ ತೋಟ, 4 ಎಕರೆ ಹೊಲ, ಹಳೇ ತೊಟ್ಟಿಮನೆ, ಸಹಕಾರ ಸಂಘದಲ್ಲಿ ಒಂದು ಬೆಳೆ ಸಾಲ. ಹೆಂಡತಿ ಇದ್ದಾರೆ. ನಾಲ್ಕು ಜನ ಮಕ್ಕಳು: ದೊಡ್ಡ ಮಗ, ದೊಡ್ಡ ಮಗಳು, ಚಿಕ್ಕ ಮಗ, ಚಿಕ್ಕ ಮಗಳು. ಚಿಕ್ಕ ಮಗ 2013ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ, ಇಬ್ಬರು ಮಕ್ಕಳು ಅದೇ ಮನೆಯಲ್ಲಿದ್ದರು. ಯಾರಿಗೆ ಏನು ಸೇರಬೇಕು ಅಂತ ಬರೆದಿಟ್ಟ ಒಂದು ಚೀಟಿಯೂ ಇರಲಿಲ್ಲ. ತೋಟದ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಯಜಮಾನರ ಹೆಸರೇ ಇಲ್ಲ. 1968ರಲ್ಲಿ ತೀರಿಕೊಂಡ ಅವರ ತಂದೆಯ ಹೆಸರು ಹಾಗೇ ಕೂತಿತ್ತು.

ನಾನು ದಸ್ತಾವೇಜು ಬರೆಯುವ ಕೆಲಸದವನು. ಈ ಮನೆಯ ಕಾಗದಗಳು ನನ್ನ ಕೈಗೆ ಬಂದವು. ಮನೆಯವರನ್ನೂ ಮೊದಲಿಂದ ಬಲ್ಲೆ. ಅವರು ಒಪ್ಪಿದ ಮೇಲೆ, ಹೆಸರು ಊರು ಬಿಟ್ಟು, ಗುರುತು ಸಿಗುವ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಂಥ ಮನೆಗಳು ನಮ್ಮ ಕಡೆ ಅಪರೂಪವೇನಲ್ಲ. ಕಾಗದದ ಗೋಜಲಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಹತ್ತಾರು ವರ್ಷ ಒಂದೇ ಸೂರಿನಡಿ ಇದ್ದವರು ಯಜಮಾನರನ್ನು ಆಸ್ತಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಅವರ ಸಾವಿಗೆ ಕಾಯುತ್ತಿದ್ದೇವೆ ಅಂದುಕೊಂಡಾರು ಅನ್ನುವ ಭಯ. ಅದು ಪ್ರೀತಿಯಿಂದಲೇ ಹುಟ್ಟಿದ ಭಯ. ಆದರೆ ಈ ಮನೆ ಅನುಭವಿಸಿದ್ದೆಲ್ಲ ಅದರಿಂದಲೇ ಬಂತು ಅಂತ ನನಗನ್ನಿಸುತ್ತದೆ.

ದುಡಿದು ಕಟ್ಟಿದ್ದು

ಯಜಮಾನರು ಹುಟ್ಟಿದ್ದು 1938ರ ಸುಮಾರಿಗೆ. ಶಾಲೆಯ ದಾಖಲೆಯಲ್ಲಿ ಒಂದು ತಾರೀಕು, ಆಧಾರ್‌ನಲ್ಲಿ ಇನ್ನೊಂದು. ಅವರು ಹುಡುಗರಾಗಿದ್ದಾಗ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಹತ್ತಿರ ಇತ್ತು. 1963ರ ಫೆಬ್ರವರಿಯಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ರದ್ದಾಗಿ ಲೆಕ್ಕ ಸರ್ಕಾರಿ ನೌಕರರ ಕೈಗೆ ಬಂತು. ಕಾಗದ ಅಂದರೆ ದೂರ ನಿಲ್ಲುವ ಅಭ್ಯಾಸ ಮಾತ್ರ ಜನರಿಂದ ಹೋಗಲಿಲ್ಲ. ತಂದೆ ತೀರಿಕೊಂಡಾಗ ಯಜಮಾನರಿಗೆ ಮೂವತ್ತು. ಖಾತೆ ಮಾಡಿಸಿಕೊಳ್ಳಬೇಕು ಅನ್ನುವುದು ಅವರಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಕಂದಾಯ ಕಟ್ಟುತ್ತಿದ್ದರು, ಉಳುತ್ತಿದ್ದರು, ಅಷ್ಟು ಸಾಕಿತ್ತು.

ಆ ತೋಟ ತೋಟವಾದದ್ದು ಅವರ ಕೈಯಿಂದಲೇ. ಮೊದಲು ಅಲ್ಲಿ ರಾಗಿ, ಹುರುಳಿ ಬಿಟ್ಟರೆ ಬೇರೆ ಇರಲಿಲ್ಲ. ಬಾವಿಗೆ ಕಪಿಲೆ ಕಟ್ಟಿ, ಎತ್ತಿನಿಂದ ನೀರೆತ್ತಿ ತೆಂಗಿನ ಸಸಿ ಬದುಕಿಸಿದರು. ಆಮೇಲೆ ಪಂಪ್‌ಸೆಟ್ ಬಂತು, ಬಾವಿ ಬತ್ತಿತು, ಬೋರ್‌ವೆಲ್ ಬಂತು. ಮೊದಲ ಬೋರು ಕೊರೆಸಲು ಹೆಂಡತಿಯ ಓಲೆ, ಸರ ಅಡವಿಟ್ಟದ್ದು ಮನೆಯವರಿಗೆಲ್ಲ ಗೊತ್ತು. ಬಿಡಿಸಿಕೊಂಡರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯೂ, ಅಂದರೆ ಯಜಮಾನರ ಹೆಂಡತಿಯೂ, ಕೇಳಿರಲಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಅವಸರದ ಕೆಲಸ ಅಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಯಜಮಾನರು ಅಟ್ಟ ಹತ್ತಿ, ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಗಿಟುಕು ಉರುಳಾಡುವ ಸದ್ದು ಕೇಳಿದರೆ ಆ ರಾಶಿ ಸುಲಿಯಲು ಸಿದ್ಧ. ಇನ್ನೂ ನೀರು ಕುಲುಕಿದರೆ ಕಾಯಿ ವಾಪಸ್ ಅದೇ ಜಾಗಕ್ಕೆ. ಯಾವ ಮೂಲೆಯದು ಯಾವ ತಿಂಗಳು ಕಿತ್ತದ್ದು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಪಕ್ಕದ ತೋಟದವರ ಜೊತೆ ನೀರಿನ ಸರದಿ ಹೇಗೆ, ಎಲ್ಲ ಬಾಯಲ್ಲೇ. ಒಂದು ದಿನವೂ ತಪ್ಪಿಲ್ಲವಂತೆ. ಇದನ್ನು ದೊಡ್ಡ ಮಗ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಪಡುವಂಥದ್ದೇ.

1979ರಲ್ಲಿ ಕೊಬ್ಬರಿ ದುಡ್ಡಿನಿಂದ 4 ಎಕರೆ ಹೊಲ ಕೊಂಡರು. ಅದು ನೋಂದಣಿಯಾದ ಕ್ರಯಪತ್ರ, ಅವರ ಹೆಸರಿಗೇ. ಇಡೀ ಆಸ್ತಿಯಲ್ಲಿ ನೆಟ್ಟಗಿದ್ದ ಕಾಗದ ಅದೊಂದೇ.

1983ರಲ್ಲಿ ತಮ್ಮನ ಪಾಲು ಬಗೆಹರಿಯಿತು. ತಮ್ಮ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು, ಸೈಟು ಕೊಳ್ಳಬೇಕಿತ್ತು. ಅಣ್ಣ ಕೊಬ್ಬರಿ ಮಾರಿದ ದುಡ್ಡು ಪೂರ್ತಿ ಕೊಟ್ಟರು. ತಮ್ಮ "ತೋಟ ನಿನಗೇ ಇರಲಿ ಅಣ್ಣ" ಅಂದರು. ಜಗಲಿಯ ಮೇಲೆ ನಾಲ್ಕು ಜನ ಹಿರಿಯರು ಕೂತಿದ್ದರು. ಆ ನಾಲ್ವರಲ್ಲಿ ಈಗ ಒಬ್ಬರೂ ಇಲ್ಲ.

ಆಮೇಲೆ ಕಷ್ಟದ ವರ್ಷಗಳು. 1990ರ ದಶಕದ ಕೊನೆಗೆ ತೆಂಗಿಗೆ ನುಸಿ ಪೀಡೆ ಬಂತು. ಕಾಯಿ ಸಣ್ಣದಾಗಿ, ಸಿಪ್ಪೆ ಸೀಳಿ, ಬೆಲೆ ಬಿದ್ದುಹೋಯಿತು. ಅದರ ಹಿಂದೆಯೇ 2001ರಿಂದ ಸಾಲಾಗಿ ಮೂರು ವರ್ಷ ಬರ. ಸುಳಿ ಬಿದ್ದ ಮರಗಳನ್ನು ಕಡಿಸಿದರು, ಸಾಲ ಮಾಡಿದರು, ತೀರಿಸಿದರು. ಎಲ್ಲಿಂದ ತಂದರು, ಹೇಗೆ ತೀರಿಸಿದರು ಅನ್ನುವುದು ಮನೆಯೊಳಗೆ ಬರಲೇ ಇಲ್ಲ. ಮನೆಯವರು ನೆಮ್ಮದಿಯಾಗಿ ಉಣ್ಣಲಿ ಅಂತ ಎಲ್ಲ ತಾವೊಬ್ಬರೇ ಹೊತ್ತರು.

2013ರಲ್ಲಿ ಚಿಕ್ಕ ಮಗ ಹೋದಾಗ ಸೊಸೆಗೆ ಮೂವತ್ತೈದರ ಒಳಗೆ. ತವರಿನವರು ಕರೆದುಕೊಂಡು ಹೋಗಲು ಬಂದಿದ್ದರು. ಯಜಮಾನರು ಅವಳನ್ನು ನಡುಮನೆಗೆ ಕರೆದು, "ಎಲ್ಲಿಗೂ ಹೋಗಬೇಡ ಕಣವ್ವ. ಪಡುವಲ ಕಡೆ ತೋಟ ನಿನ್ನ ಮಕ್ಕಳದ್ದು" ಅಂದರು. ಆ ಮಾತನ್ನು ಕೇಳಿಸಿಕೊಂಡದ್ದು ಸೊಸೆ, ಅಜ್ಜಿ, ಚಿಕ್ಕ ಮಗಳು. ದೊಡ್ಡ ಮಗ ಆವಾಗ ತೋಟದಲ್ಲಿದ್ದರು.

ಮಾತು ನಿಂತ ಮೇಲೆ

2020ರ ನವೆಂಬರಿನ ಒಂದು ಬೆಳಗ್ಗೆ ಯಜಮಾನರ ಬಾಯಿ ಒಂದು ಕಡೆ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಲಕ್ವ ಅಂತ ಮೊದಲು ನಾಟಿ ಔಷಧಿ ಕೊಡುವವರ ಹತ್ತಿರ ಕರೆದೊಯ್ದರು. ಆಸ್ಪತ್ರೆ ಸೇರಿದ್ದು ಮಾರನೇ ದಿನ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಉಪಯೋಗ. ಇದು ಪ್ರತಿ ಹಳ್ಳಿಯಲ್ಲೂ ಗೊತ್ತಿರಬೇಕಾದ ವಿಷಯ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಈ ಮೂರರಲ್ಲಿ ಒಂದು ದಿಢೀರ್ ಅಂತ ಕಂಡರೂ ನೇರ ಆಸ್ಪತ್ರೆಗೆ ಹೋಗಬೇಕು.

ಬಲಭಾಗ ಸ್ವಾಧೀನ ತಪ್ಪಿತು, ಮಾತು ಹೋಯಿತು. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿರುವುದರಿಂದ ಬಲಗಡೆ ಲಕ್ವ ಹೊಡೆದರೆ ಎರಡೂ ಒಟ್ಟಿಗೆ ಹೋಗುವುದುಂಟು. ಇಡೀ ಮನೆಯ ಲೆಕ್ಕ ಯಾರ ನಾಲಿಗೆಯ ಮೇಲಿತ್ತೋ ಅವರ ನಾಲಿಗೆಯೇ ನಿಂತುಹೋಯಿತು. ಎಲ್ಲರ ಮುಖ ನೋಡುತ್ತಿದ್ದರು, ಕಣ್ಣಲ್ಲಿ ನೀರು ಬರುತ್ತಿತ್ತು, "ಅ... ಅ..." ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

ಹದಿನಾಲ್ಕು ತಿಂಗಳು ಅವರನ್ನು ನೋಡಿಕೊಂಡದ್ದು ಚಿಕ್ಕ ಸೊಸೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ರಾತ್ರಿಯೂ. ಮಲಗಿಸಿ ಕುಡಿಸಿದರೆ ಗಂಜಿ ಶ್ವಾಸನಾಳಕ್ಕೆ ಹೋಗುತ್ತದೆ ಅಂತ ನರ್ಸ್ ಹೇಳಿಕೊಟ್ಟಿದ್ದರು. ಹಾಗಾಗಿ ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಒಂದು ಚಮಚ ನುಂಗಿದ ಮೇಲೆ ಇನ್ನೊಂದು ಚಮಚ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ. ಪಾಲಿನ ಮಾತು ಎದ್ದಾಗ ಈ ಕೆಲಸದ ಲೆಕ್ಕವನ್ನು ಯಾರೂ ತೆಗೆಯಲಿಲ್ಲ. ಆಕೆಯೂ ತೆಗೆಯಲಿಲ್ಲ. ಅದಕ್ಕೇ ನಾನಿಲ್ಲಿ ಬರೆದಿದ್ದೇನೆ.

ಚಿಕ್ಕ ಮಗಳು ಒಂದು ಜಾಣತನ ಮಾಡಿದರು. ಮಗನ ಹಳೇ ನೋಟ್‌ಬುಕ್ ತಂದು, ಅಪ್ಪನ ಎಡಗೈ ಹಿಡಿದುಕೊಂಡು ಕೂರುತ್ತಿದ್ದರು. "ಅಪ್ಪ, ಅಮ್ಮನ ಸರ ಬಿಡಿಸಿದ್ರಾ? ಹೌದಾದ್ರೆ ಒಂದು ಸಲ ಅದುಮಿ." ಈ ಕಾಯಿಲೆಯಲ್ಲಿ ಹೌದು, ಅಲ್ಲ ಅನ್ನುವುದೇ ಅದಲುಬದಲಾಗಬಹುದು. ಆಕೆ ಅದನ್ನು ಗಮನಿಸಿದ್ದರು. ಒಂದೇ ಪ್ರಶ್ನೆಯನ್ನು ಬೇರೆ ದಿನ ತಿರುಗಿಸಿ ಕೇಳುತ್ತಿದ್ದರು: "ಸರ ಇನ್ನೂ ಅಡವಲ್ಲೇ ಇದೆಯಾ?" ಎರಡೂ ಉತ್ತರ ಹೊಂದಿದರೆ ಮಾತ್ರ ಬರೆಯುವುದು. ಹೊಂದದಿದ್ದರೆ ಪಕ್ಕದಲ್ಲಿ ಒಂದು ಗೆರೆ. ಹೀಗೆ ಸಾಲ ಕೊಟ್ಟವರು, ತೆಗೆದುಕೊಂಡವರು, ಬದುವಿನ ಕಲ್ಲು, ನೀರಿನ ಸರದಿ, ಒಂದೊಂದಾಗಿ ಪುಸ್ತಕಕ್ಕೆ ಬಂದವು. ಸರ ಬಿಡಿಸಿ ಆಗಿತ್ತು. ಅಟ್ಟದ ಮೂಲೆಯ ಟ್ರಂಕಿನಲ್ಲಿ ಸಿಕ್ಕಿತು.

ಆ ನೋಟ್‌ಬುಕ್ಕಿಗೆ ಕಾನೂನಿನಲ್ಲಿ ಬೆಲೆ ಅಷ್ಟಕ್ಕಷ್ಟೆ. ಆದರೆ ಮನೆಯೊಳಗಿನ ಅರ್ಧ ಅನುಮಾನ ಅದರಿಂದಲೇ ಹೋಯಿತು. ಒಂದು ಪ್ರಶ್ನೆಯನ್ನು ಮಾತ್ರ ಆಕೆ ಕೇಳಲಿಲ್ಲ: ತೋಟ ಯಾರಿಗೆ? ಕೇಳಲು ಬಾಯಿ ಬರಲಿಲ್ಲವಂತೆ.

ಅದೇ ಸಮಯದಲ್ಲಿ ದೊಡ್ಡ ಮಗನ ಪರಿಚಯದವರೊಬ್ಬರು, ಛಾಪಾ ಕಾಗದದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಿಬಿಡಿ, ಆಮೇಲೆ ಬರೆದುಕೊಂಡರಾಯಿತು ಅಂದರು. ಸೊಸೆ ಅಡ್ಡ ನಿಂತರು. ನನಗೂ ಫೋನ್ ಬಂತು. ಖಡಾಖಂಡಿತ ಬೇಡ ಅಂದೆ. ಉಯಿಲು ಅಂದರೆ ಬರೆಸುವವರಿಗೆ ತಾವೇನು ಮಾಡುತ್ತಿದ್ದೇವೆ ಅಂತ ತಿಳಿದಿರಬೇಕು. ಇಬ್ಬರು ಸಾಕ್ಷಿಗಳು ರುಜು ಹಾಕಬೇಕು. ಮಾತು ಬಾರದವರು ಉಯಿಲು ಮಾಡಬಾರದು ಅಂತ ಕಾನೂನು ಹೇಳುವುದಿಲ್ಲ, ಅರ್ಥವಾಗಿದ್ದರೆ ಮಾಡಬಹುದು. ಆದರೆ ಹೌದು, ಅಲ್ಲ ಅನ್ನುವುದೇ ಗಟ್ಟಿಯಿಲ್ಲದ ಸ್ಥಿತಿಯಲ್ಲಿ ಮಾಡಿದ್ದು ನಾಳೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದಂತೂ ಮೋಸ. ದೊಡ್ಡ ಮಗ ಆ ಮಾತನ್ನು ಅಲ್ಲಿಗೇ ಬಿಟ್ಟರು. ಅವರು ಕೆಟ್ಟವರಲ್ಲ. ನಲವತ್ತು ವರ್ಷ ಅಪ್ಪನ ಜೊತೆ ಮಣ್ಣಲ್ಲಿ ದುಡಿದು, ತನ್ನದು ಅನ್ನುವ ಒಂದು ಕಾಗದವೂ ಇಲ್ಲದೆ ಅರವತ್ತಕ್ಕೆ ಬಂದ ಮನುಷ್ಯ. ಹೆದರಿದ್ದರು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ನೋಂದಾಯಿಸಬೇಕು ಅಂದರೂ, ಓಡಾಡಲಾಗದವರ ಮನೆಗೇ ಉಪನೋಂದಣಾಧಿಕಾರಿ ಬರುವ ಅವಕಾಶವಿದೆ. ಯಜಮಾನರು ಗಟ್ಟಿಮುಟ್ಟಾಗಿದ್ದಾಗ ಇದು ಒಂದು ಮಧ್ಯಾಹ್ನದ ಕೆಲಸ.

ಹನ್ನೊಂದನೇ ದಿನದ ಸಂಜೆ

ಅವರು ಹೋದದ್ದು ಮನೆಯಲ್ಲೇ, ಬೆಳಗಿನ ಜಾವ, ಸೊಸೆ ಮಗ್ಗುಲು ಬದಲಿಸಲು ಎದ್ದಾಗ. ತೋಟದಲ್ಲಿ ಅವರ ತಂದೆಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಮೂರನೇ ದಿನ ಹಾಲು ತುಪ್ಪ ಆಯಿತು.

ಹನ್ನೊಂದನೇ ದಿನದ ಊಟ ಮುಗಿದು, ನೆಂಟರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಹಿರಿಯರೊಬ್ಬರು ಮಾತು ತೆಗೆದರು. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸಹಿ ಹಾಕಿಸಿಕೊಳ್ಳಿ ಅಂತ. ದೊಡ್ಡ ಮಗಳು ತಲೆಯಾಡಿಸಿದರು. ಚಿಕ್ಕ ಮಗಳು, "ಅಮ್ಮಂದು, ಅತ್ತಿಗೆಯದು ಏನೂಂತ ಗೊತ್ತಾಗೋವರೆಗೂ ನಾನು ಎಲ್ಲೂ ಸಹಿ ಹಾಕಲ್ಲ" ಅಂದರು. ದೊಡ್ಡ ಮಗನ ಬಾಯಿಂದ ಆ ಮಾತು ಬಂತು: "ನಿನಗೆ ತವರು ಬೇಕಾ, ಪಾಲು ಬೇಕಾ?" ಜಗಲಿ ಸುಮ್ನಾಯಿತು. ಎರಡೂ ಬೇಕು ಅಂತ ಒಬ್ಬ ಹೆಣ್ಣುಮಗಳು ಹೇಳಿದರೆ ಅದರಲ್ಲಿ ತಪ್ಪೇನಿದೆ? ಗಂಡುಮಕ್ಕಳನ್ನು ಯಾರೂ ಹೀಗೆ ಕೇಳುವುದಿಲ್ಲ ಅಲ್ವಾ.

ಕಾನೂನು ಏನು ಹೇಳುತ್ತದೆ ಅಂತ ಅವರೆಲ್ಲ ಒಂದೇ ಕಡೆ ಕೂತಾಗ ನಾನು ಬಿಡಿಸಿ ಹೇಳಿದೆ. ಹೊಲ ಯಜಮಾನರ ಸ್ವಯಾರ್ಜಿತ ಅಂತ ಮನೆಯವರೆಲ್ಲ ಒಪ್ಪಿದರು. ತೋಟದ ಆದಾಯದಿಂದ ಕೊಂಡದ್ದು, ಹಾಗಾಗಿ ಕುಟುಂಬದ್ದು ಅಂತ ವಾದ ಹೂಡಬಹುದಿತ್ತು, ಯಾರೂ ಹೂಡಲಿಲ್ಲ. ಉಯಿಲಿಲ್ಲದೆ ಹೋದವರ ಸ್ವಯಾರ್ಜಿತಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮ. ಮೊದಲೇ ತೀರಿಕೊಂಡ ಮಗನ ಪಾಲು ಅವನ ಹೆಂಡತಿ ಮಕ್ಕಳಿಗೆ. ಅಂದರೆ ಐದು ಪಾಲು. 4 ಎಕರೆ ಅಂದರೆ 160 ಗುಂಟೆ, ತಲಾ 32.

ತೋಟ ಪಿತ್ರಾರ್ಜಿತ, ಅದರ ಲೆಕ್ಕ ಬೇರೆ. ಅಕ್ಕ ತಂಗಿಯರ ನಡುವೆಯೇ ಒಂದು ಕಾಲಕ್ಕೆ ಕಾನೂನು ಗೆರೆ ಎಳೆದಿತ್ತು. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. ದೊಡ್ಡ ಮಗಳ ಮದುವೆ 1989, ಚಿಕ್ಕ ಮಗಳದ್ದು 1996. ಒಬ್ಬರಿಗಿತ್ತು, ಒಬ್ಬರಿಗಿರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಅಂತ ಸ್ಪಷ್ಟಪಡಿಸಿತು. ದೊಡ್ಡ ಮಗಳು ಇದನ್ನೆಲ್ಲ ಕೇಳಿ, "ನಂಗೂ ಇದೆಯಾ?" ಅಂತ ಕೇಳಿದ ದನಿ ನನಗಿನ್ನೂ ನೆನಪಿದೆ. ಐವತ್ತೈದು ದಾಟಿದ ಹೆಂಗಸು.

ಕಾಗದಗಳ ಹಿಂದೆ

ಮೊದಲ ತೊಡಕು ಮರಣ ಪ್ರಮಾಣಪತ್ರ. ಮನೆಯಲ್ಲಾದ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ತಿಳಿಸುವ ಹೊಣೆ ಮನೆಯ ಯಜಮಾನನದು ಅನ್ನುತ್ತದೆ 1969ರ ಕಾಯ್ದೆ. ಈ ಮನೆಯಲ್ಲಿ ಅಂಥ ಕೆಲಸ ಯಾವಾಗಲೂ ಮಾಡುತ್ತಿದ್ದವರೇ ಹೋಗಿದ್ದರು, ಉಳಿದವರಿಗೆ ಹೊಳೆಯಲಿಲ್ಲ. 30 ದಿನ ದಾಟಿತು. ಮೇಲಧಿಕಾರಿಯ ಅನುಮತಿ, ಅಫಿಡವಿಟ್, ತಡವಾದ ಶುಲ್ಕ ಎಲ್ಲ ಬೇಕಾಯಿತು. 1968ರ ಸಾವಿಗಂತೂ ದಾಖಲೆಯೇ ಇಲ್ಲ. ಅದಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ತರಬೇಕಾಯಿತು. ಹೊಲದ ಪಹಣಿ, ಆಧಾರ್, ರೇಷನ್ ಕಾರ್ಡ್ ಮೂರರಲ್ಲೂ ಯಜಮಾನರ ಹೆಸರು ಮೂರು ಥರ, ಅದಕ್ಕೊಂದು ಅಫಿಡವಿಟ್.

ವಂಶವೃಕ್ಷದ ಅರ್ಜಿಯಲ್ಲಿ ದೊಡ್ಡ ಮಗ ಮೊದಲು ಅಕ್ಕ ತಂಗಿಯರ ಹೆಸರು ಬಿಟ್ಟಿದ್ದರು. ಹಾಗೆ ಮಾಡಿದರೆ ಮುಂದಿನದೆಲ್ಲ ಬಿದ್ದುಹೋಗುತ್ತದೆ ಅಂದ ಮೇಲೆ ಸೇರಿಸಿದರು. ಪೌತಿ ಖಾತೆ ಅಂದರೆ ಪಾಲಾಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಸತ್ತವರ ಜಾಗಕ್ಕೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ, ಅಷ್ಟೆ. ಪಾಲಿಗೆ ಬೇರೆ ಪತ್ರ ಆಗಬೇಕು, ಸರ್ವೆ ನಂಬರು ಒಡೆಯಬೇಕಾದರೆ ಮೊದಲು 11ಇ ನಕ್ಷೆ, ಅಂದರೆ ಒಡೆಯುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು.

ಬ್ಯಾಂಕ್ ಖಾತೆಗೆ ದೊಡ್ಡ ಮಗ ನಾಮಿನಿ. ದುಡ್ಡು ತನ್ನದೇ ಅಂದುಕೊಂಡಿದ್ದರು. ನಾಮಿನಿ ಹಣ ತೆಗೆದುಕೊಳ್ಳಬಹುದು, ಆದರೆ ಅದರ ಮೇಲೆ ವಾರಸುದಾರರೆಲ್ಲರ ಹಕ್ಕು ಇರುತ್ತದೆ. ಪಿಎಂ ಕಿಸಾನ್‌ನ ತಲಾ 2000 ರೂಪಾಯಿಯ ಎರಡು ಕಂತು ಸಾವಿನ ನಂತರವೂ ಜಮಾ ಆಗಿತ್ತು, ವಾಪಸ್ ಕಟ್ಟಿದರು. ಸಂಘದ ಸಾಲ ಗಡುವು ಮೀರಿ ಬಡ್ಡಿಗೆ ಬಿದ್ದಿತ್ತು. ಅದನ್ನೂ ತೀರಿಸಿದರು.

ಹೊಲದ ವಿಭಾಗ ಪತ್ರ 2023ರಲ್ಲಿ ನೋಂದಣಿಯಾಯಿತು. ದೊಡ್ಡ ಮಗಳು ತಮ್ಮ 32 ಗುಂಟೆಯನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಗೊತ್ತಿಲ್ಲದೆ ಸಹಿ ಹಾಕುವುದಕ್ಕೂ, ಇದು ನನ್ನದು, ನಾನು ಕೊಡುತ್ತಿದ್ದೇನೆ ಅಂತ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಅವತ್ತು ಅವರು ಪೆನ್ನು ಹಿಡಿದ ರೀತಿಯಲ್ಲೇ ಅದು ಕಾಣುತ್ತಿತ್ತು. ಚಿಕ್ಕ ಮಗಳು ತಮ್ಮ ಪಾಲು ಇಟ್ಟುಕೊಂಡರು. ತವರು ತಪ್ಪಲಿಲ್ಲ. ಹಬ್ಬಕ್ಕೆ ಕರೆಯಲು ದೊಡ್ಡ ಮಗನೇ ಹೋದರು, ಕೊಂಚ ಮುಖ ಬಿಗಿದುಕೊಂಡೇ.

ಅಜ್ಜಿಯ ಹೆಸರಿಗೆ ಈಗ 64 ಗುಂಟೆ. ಪತ್ರವಾದ ಕೆಲವೇ ದಿನಕ್ಕೆ ನನ್ನನ್ನು ಕರೆಸಿ ತಾವೇ ಉಯಿಲು ಬರೆಸಿದರು: 32 ದೊಡ್ಡ ಮಗಳಿಗೆ, 32 ಚಿಕ್ಕ ಸೊಸೆಗೆ. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ, "ಈಗಲೇ ಎಲ್ಲರಿಗೂ ಓದಿ ಹೇಳಪ್ಪ" ಅಂದರು. ಓದಿದೆ. ದೊಡ್ಡ ಮಗ ಎದ್ದು ಹೊರಗೆ ಹೋದರು, ಸ್ವಲ್ಪ ಹೊತ್ತಿಗೆ ಬಂದು ಮತ್ತೆ ಕೂತರು.

ತೋಟ ಇನ್ನೂ ಬಾಕಿ. 3 ಎಕರೆ 10 ಗುಂಟೆಯಲ್ಲಿ ಎರಡು ಸಮಾಧಿ, ಅಲ್ಲಿಗೆ ಹೋಗುವ ದಾರಿ ಸೇರಿ 4 ಗುಂಟೆ ಎಲ್ಲರಿಗೂ ಸೇರಿದ್ದು. ಉಳಿದದ್ದರಲ್ಲಿ ಮೂಡಲ 63 ಗುಂಟೆ ದೊಡ್ಡ ಮಗನಿಗೆ, ಪಡುವಲ 63 ಸೊಸೆ ಮತ್ತು ಅವರ ಮಕ್ಕಳಿಗೆ ಅಂತ ಮನೆಯೊಳಗೆ ತೀರ್ಮಾನವಾಗಿದೆ. ತೋಟದಲ್ಲಿ ತಮ್ಮ ಹಕ್ಕು ಬಿಡುವುದಾಗಿ ಇಬ್ಬರು ಹೆಣ್ಣುಮಕ್ಕಳೂ ಒಪ್ಪಿದ್ದಾರೆ. ಆದರೆ ಪಹಣಿಯಲ್ಲಿರುವುದು ಯಜಮಾನರ ತಂದೆಯ ಹೆಸರು. ಅಲ್ಲಿಂದ ಇಳಿದರೆ ಚಿಕ್ಕಪ್ಪನ, ಅಂದರೆ ಯಜಮಾನರ ತಮ್ಮನ, ಕವಲೂ ಬರುತ್ತದೆ. 1983ರ ಬಾಯಿ ಮಾತಿನ ಪಾಲು ಕಾನೂನಿಗೆ ಹೊರಗಿನದೇನಲ್ಲ, ರುಜುವಾತು ಮಾಡಬೇಕು ಅಷ್ಟೆ. ಚಿಕ್ಕಪ್ಪ, "ಅಣ್ಣ ನನಗೆ ಕೊಟ್ಟಾಗಿದೆ, ಇನ್ನೊಂದು ಸಲ ತಗೊಂಡ್ರೆ ಉಣ್ಣೋ ಅನ್ನ ಮೈಗೆ ಹತ್ತಲ್ಲ" ಅಂತ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದರು. ಅವರ ದೊಡ್ಡ ಮಗನೂ ಹಾಕಿದರು. ಚಿಕ್ಕಪ್ಪನ ಚಿಕ್ಕ ಮಗ ಹಾಕಲಿಲ್ಲ, ಖಾತೆಗೆ ತಕರಾರು ಅರ್ಜಿ ಕೊಟ್ಟಿದ್ದಾರೆ.

ಈಗ ಅದು ತಹಶೀಲ್ದಾರರ ಮುಂದಿದೆ. ಚಿಕ್ಕಪ್ಪನ ಹೇಳಿಕೆಯನ್ನು ಅಫಿಡವಿಟ್ ಆಗಿ ಬರೆಸಿ ಇಟ್ಟಿದ್ದೇವೆ. ಆದರೂ ವಿಚಾರಣೆಗೆ ತಾವೇ ಬಂದು ಎದುರಿಗೆ ನಿಂತು ಹೇಳುತ್ತೇನೆ ಅಂದಿದ್ದಾರೆ. ಅವರಿಗೆ ಎಂಬತ್ತು ದಾಟಿದೆ, ಬಸ್ಸು ಆಗುವುದಿಲ್ಲ. ಬೆಂಗಳೂರಿಂದ ಕರೆತರಲು ಯಜಮಾನರ ದೊಡ್ಡ ಮಗ ಕಾರು ಗೊತ್ತು ಮಾಡಿದ್ದಾರೆ. ಜೊತೆಗೆ ಆ ನೋಟ್‌ಬುಕ್ ಹಿಡಿದುಕೊಂಡು ಚಿಕ್ಕ ಮಗಳೂ ಬರುತ್ತಾರೆ.